ಭೂಸಂಪರ್ಕದ ಅಳತೆಯನ್ನು ಕೇಳೋಣ

ರಾಮಕುಂಜದಿಂದ ಉಪ್ಪಿನಂಗಡಿಯ ಕಡೆಗಾಗಲಿ ಕಡಬದ ಕಡೆಗಾಗಲಿ ಹೋಗುವಾಗ, ಅಡಕೆ ತೋಟಗಳ ಅಂಚಿನಲ್ಲಿ ನಿಂತಿರುವ ವಿದ್ಯುತ್ ಪರಿವರ್ತಕಗಳನ್ನು ವಾಚಕರು ಕಂಡಿರಬಹುದು. ಕಂಬಗಳ ನಡುವೆ ಕುಳಿತಿರುವ ಆ ಪೆಟ್ಟಿಗೆಯು 11,000 ವೋಲ್ಟುಗಳ ಒತ್ತಡವನ್ನು ಮನೆಬಳಕೆಗೆ ತಕ್ಕ 230 ವೋಲ್ಟುಗಳಿಗೆ ಇಳಿಸುತ್ತದೆ. ನೋಡುವವರ ಕಣ್ಣು ಪೆಟ್ಟಿಗೆಯ ಮೇಲೆ ಹೋಗುವುದೇ ಹೊರತು, ಕಂಬದ ಬುಡದಿಂದ ನೆಲದೊಳಕ್ಕೆ ಇಳಿದಿರುವ ಕಬ್ಬಿಣದ ಪಟ್ಟಿಯ ಮೇಲೆ ಹೋಗುವುದಿಲ್ಲ. ಆದರೆ ಊರಿನವರ ಪ್ರಾಣ ಬಹುಮಟ್ಟಿಗೆ ನೆಚ್ಚಿಕೊಂಡಿರುವುದು ಆ ಪಟ್ಟಿಯನ್ನೇ. ಜನರು ‘ಅರ್ತಿಂಗ್’ ಎನ್ನುವ ಭೂಸಂಪರ್ಕವೆಂದರೆ ಇದು. ಅದರ ಪರೀಕ್ಷೆ ಎಂದು ನಡೆಯಿತು, ಬಂದ ಅಂಕಿ ಎಷ್ಟು ಎಂದು ಸಂಬಂಧಪಟ್ಟವರನ್ನು ಕೇಳಿ ತಿಳಿಯುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕೆಂಬುದು ನಮ್ಮ ಅಭಿಪ್ರಾಯ.

ಆ ಅಂಕಿಯ ಮಹತ್ವವನ್ನು ಅರಿಯಲು ಓಮನ ನಿಯಮಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಗಾಳಿಗೆ ತೂಗಿದ ತಂತಿಯೊಂದು ಕಬ್ಬಿಣದ ಕಂಬಕ್ಕೆ ತಗಲಿತೆನ್ನೋಣ. ವಿದ್ಯುತ್ಪ್ರವಾಹವು ಕಂಬದಿಂದ ಮಣ್ಣಿಗಿಳಿದು, ಮಣ್ಣಿನ ಮೂಲಕ ಪರಿವರ್ತಕದ ಭೂಸಂಪರ್ಕವನ್ನು ಸೇರಿ ಹಿಂದಿರುಗುತ್ತದೆ. ಈ ಹಾದಿಯ ಒಟ್ಟು ರೋಧ 2 ಓಮ್ ಆಗಿದ್ದರೆ 115 ಆಂಪಿಯರ್ ಪ್ರವಾಹ ಹರಿದು ಫ್ಯೂಸು ಕರಗುತ್ತದೆ. ಅಪಾಯ ಅಲ್ಲಿಗೆ ಮುಗಿಯಿತು. ರೋಧ 60 ಓಮ್ ಆಗಿದ್ದರೆ ಹರಿಯುವುದು 4 ಆಂಪಿಯರಿಗೂ ಕಡಿಮೆ, ಅಂದರೆ ಒಂದು ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು. ಫ್ಯೂಸಿಗೆ ಅದು ಲೆಕ್ಕಕ್ಕೇ ಬಾರದು. ಕಂಬವು ಗಂಟೆಗಟ್ಟಲೆ ಜೀವಂತವಾಗಿಯೇ ನಿಂತಿರುತ್ತದೆ. ಸುತ್ತಲಿನ ನೆಲದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ಒತ್ತಡ ಬದಲಾಗುತ್ತ ಹೋಗುತ್ತದೆ. ಮೇಯುವ ದನಗಳಿಗೆ ಇದರಿಂದ ಒದಗುವ ಅಪಾಯ ಮನುಷ್ಯರಿಗಿಂತ ಹೆಚ್ಚು; ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ದೊಡ್ಡದು, ಪ್ರವಾಹದ ಹಾದಿಯಲ್ಲಿ ಹೃದಯ. ಕಡಿದು ನೆಲಕ್ಕೆ ಬಿದ್ದ ತಂತಿಯ ಸಂಗತಿಯೂ ಹೀಗೆಯೇ. ಅದು ಸುಮ್ಮನೆ ಬಿದ್ದಿದೆ, ಕಿಡಿ ಹಾರುತ್ತಿಲ್ಲ ಎಂದಮಾತ್ರಕ್ಕೆ ಸತ್ತಿದೆಯೆಂದು ಭಾವಿಸಕೂಡದು. 2023ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಹೋಪ್ ಫಾರ್ಮ್ ವೃತ್ತದ ಬಳಿ, ಕಾಲುದಾರಿಯ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ಒಬ್ಬ ತಾಯಿಯೂ ಆಕೆಯ ಎಳೆಯ ಮಗುವೂ ಮಡಿದರು. ಇಂಥ ಅಪಘಾತವಾದ ಮೇಲೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 161ನೆಯ ಪ್ರಕರಣದ ಮೇರೆಗೆ ವಿಚಾರಣೆ ನಡೆಸಲು ಅವಕಾಶವುಂಟು. ಆಗ ಕಡತಗಳನ್ನು ತೆರೆಯುತ್ತಾರೆ. ಅವುಗಳನ್ನು ಮೊದಲೇ ತೆರೆದು ನೋಡಬಾರದೇಕೆ?

ನಮ್ಮ ಸೀಮೆಗೆ ಈ ಪ್ರಶ್ನೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಇಲ್ಲಿನ ನೆಲ ಬಹುಪಾಲು ಮುರಕಲ್ಲಿನದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಅದು ನೆನೆದು ವಿದ್ಯುತ್ತಿಗೆ ತಕ್ಕಮಟ್ಟಿನ ದಾರಿ ಕೊಡುತ್ತದೆ. ಮಾರ್ಚ್ ತಿಂಗಳ ಬಿಸಿಲಿಗೆ ಒಣಗಿದಾಗ ಅದೇ ನೆಲದ ರೋಧ ಹಲವು ಪಟ್ಟು ಏರುತ್ತದೆ. ಆದುದರಿಂದ ಜುಲೈ ತಿಂಗಳಲ್ಲಿ ಅಳೆದ ಅಂಕಿ ಎಷ್ಟೇ ಚೆನ್ನಾಗಿದ್ದರೂ ಏಪ್ರಿಲಿನ ಮೊದಲ ಗುಡುಗುಮಳೆಯ ಸಂಜೆಗೆ ಅದು ಸಾಕ್ಷಿಯಾಗದು. ಕಾನೂನನ್ನು ಬರೆದವರು ಇದನ್ನು ಬಲ್ಲವರಾಗಿದ್ದರು. ವಿದ್ಯುತ್ ಪೂರೈಸುವವರು ತಮ್ಮ ಭೂಸಂಪರ್ಕಗಳನ್ನು ಒಣ ಋತುವಿನ ಒಣ ದಿನದಂದು, ಎರಡು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸತಕ್ಕದ್ದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೂ, ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2010ರ ನಿಬಂಧನೆಗಳಲ್ಲಿಯೂ ವಿಧಿಸಲಾಗಿತ್ತು. ಫಲಿತಾಂಶವನ್ನು ಬರೆದಿಟ್ಟು, ವಿದ್ಯುತ್ ಪರಿವೀಕ್ಷಕರು ಕೇಳಿದಾಗ ತೋರಿಸಬೇಕೆಂದೂ ಇತ್ತು. 2023ರಲ್ಲಿ ಹೊಸ ನಿಬಂಧನೆಗಳು ಬಂದವು. ಪರೀಕ್ಷಿಸುವ ಹೊಣೆ ತಪ್ಪಲಿಲ್ಲ.

ಪರಿವೀಕ್ಷಕರಿಗೆ ತೋರಿಸಬೇಕಾದ ಪುಸ್ತಕವನ್ನು ನಮಗೂ ತೋರಿಸಿ ಎನ್ನಲು 2005ರ ಮಾಹಿತಿ ಹಕ್ಕು ಕಾಯಿದೆ ದಾರಿ ಮಾಡಿಕೊಟ್ಟಿದೆ. (ಕರ್ನಾಟಕವು 2000ದಲ್ಲಿಯೇ ತನ್ನದೊಂದು ಕಾಯಿದೆಯನ್ನು ಮಾಡಿಕೊಂಡಿದ್ದಿತೆಂಬುದನ್ನು ನೆನೆದರೆ ತಪ್ಪಲ್ಲ.) ನಮ್ಮ ಜಿಲ್ಲೆಗೆ ವಿದ್ಯುತ್ತನ್ನು ಹಂಚುವ ಮೆಸ್ಕಾಂ ಸರ್ಕಾರದ ಒಡೆತನದ ಸಂಸ್ಥೆಯಾದ್ದರಿಂದ ಈ ಕಾಯಿದೆಗೆ ಒಳಪಟ್ಟಿದೆ. ಅರ್ಜಿಯ ಶುಲ್ಕ 10 ರೂಪಾಯಿ. ಏಕೆ ಕೇಳುತ್ತೀರೆಂದು ಅವರು ವಿಚಾರಿಸುವಂತಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬೀದಿದೀಪದ ಕಡತ ಪಂಚಾಯಿತಿಯಲ್ಲಿಯೋ ಪುತ್ತೂರಿನಂಥ ಊರಾದರೆ ನಗರಸಭೆಯಲ್ಲಿಯೋ ಇದ್ದು, ಅರ್ಜಿ ತಪ್ಪು ಕಛೇರಿಗೆ ಹೋದರೂ ಚಿಂತೆಯಿಲ್ಲ. 5 ದಿನಗಳೊಳಗೆ ಅವರೇ ಅದನ್ನು ಸರಿಯಾದ ಕಛೇರಿಗೆ ದಾಟಿಸತಕ್ಕದ್ದು.

ಆದರೆ ಕೇಳುವ ಕ್ರಮ ತಿಳಿದಿರಬೇಕು. “ನಮ್ಮೂರಿನ ಪರಿವರ್ತಕ ಸುರಕ್ಷಿತವೇ?” ಎಂದು ಬರೆದರೆ ಉತ್ತರ ಸಿಗದು, ಸಿಗಬೇಕಾಗಿಯೂ ಇಲ್ಲ. ಕಛೇರಿಯಲ್ಲಿ ಇರುವ ದಾಖಲೆಯನ್ನು ಕೊಡುವುದಷ್ಟೇ ಅಧಿಕಾರಿಯ ಕರ್ತವ್ಯ, ಅಭಿಪ್ರಾಯ ಹೇಳುವುದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿದೆ. ಇಂಥ ಪರಿವರ್ತಕದ ಭೂಸಂಪರ್ಕವನ್ನು ಕಳೆದ ಎರಡು ಸಲ ಪರೀಕ್ಷಿಸಿದ ದಿನಾಂಕ, ಬಂದ ಓಮ್, ಅಳೆದ ಸಾಧನ, ಇವುಗಳನ್ನು ಬರೆದ ಪುಟದ ಪ್ರತಿ ಬೇಕು ಎಂದರೆ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು 150 ಪದಗಳನ್ನು ಮೀರಕೂಡದು. ಇದನ್ನು ಅಡ್ಡಿಯೆಂದು ದೂರುವವರುಂಟು. ಭೌತವಿಜ್ಞಾನದ ಪ್ರಶ್ನೆಗೆ ಅಷ್ಟು ಪದಗಳು ಹೆಚ್ಚೇ ಆದವೆಂದು ನಮಗೆ ತೋರುತ್ತದೆ.

ಪ್ರತಿ ಕೈಗೆ ಬಂದ ಮೇಲೆಯೇ ನಿಜವಾದ ಕೆಲಸ. ಭೂಸಂಪರ್ಕವನ್ನು ಅಳೆಯುವವನು ಎರಡು ಮೊಳೆಗಳನ್ನು ದೂರದೂರದಲ್ಲಿ ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆದು, ಕೊನೆಯದರ ಮೂಲಕ ಪ್ರವಾಹ ಹರಿಸಿ, ನಡುವಿನದರಲ್ಲಿ ಒತ್ತಡವನ್ನು ಓದುತ್ತಾನೆ. ನಡುವಿನ ಮೊಳೆಯನ್ನು ಅತ್ತಿತ್ತ ಸರಿಸಿದಾಗಲೂ ಅಂಕಿ ಹೆಚ್ಚು ಬದಲಾಗದಿದ್ದರೆ ಅಳತೆ ನಂಬತಕ್ಕದ್ದು. ಹೀಗೆ ನೆಲದಿಂದ ಬಂದ ಅಂಕಿಗಳು ಒಂದರಂತೆ ಇನ್ನೊಂದು ಇರಲಾರವು. ತೋಟದ ಬದಿಯ ಪರಿವರ್ತಕಕ್ಕೆ ಒಂದು, ಬೋಳು ಗುಡ್ಡದ ಮೇಲಿನದಕ್ಕೆ ಇನ್ನೊಂದು. ಇಪ್ಪತ್ತು ಪರಿವರ್ತಕಗಳಿಗೂ 1.5 ಓಮ್ ಎಂದೇ ಬರೆದಿದ್ದರೆ, ಅದು ಫ್ಯಾನಿನ ಕೆಳಗೆ ಕುಳಿತು ಮಾಡಿದ ಅಳತೆಯೆಂದು ಸಂದೇಹಿಸಲು ಅಡ್ಡಿಯಿಲ್ಲ. ಉತ್ತರವನ್ನು ಮೊದಲು ಬರೆದು ಅಳತೆಗಳನ್ನು ಆಮೇಲೆ ಹೊಂದಿಸುವ ವಿದ್ಯಾರ್ಥಿಯನ್ನು ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ಹಿಡಿಯುವುದೂ ಹೀಗೆಯೇ. ಓಮ್ ಇದ್ದು ದಿನಾಂಕವಿಲ್ಲದ ಪುಟವನ್ನಂತೂ ಅಳತೆಯೆಂದೇ ಎಣಿಸಲಾಗದು.

ಇದರಿಂದ ಕೆಲಸಗಾರರಿಗೆ ಕಿರುಕುಳವಾಗದೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆಷಾಢದ ಇರುಳಿನಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಬಲ್ಲ ಯಾರೂ ಅವರ ಹೊರೆಯನ್ನು ಹೆಚ್ಚಿಸಲು ಬಯಸರು. ಇಡೀ ತಾಲೂಕಿನ ಹತ್ತು ವರ್ಷಗಳ ಕಡತಗಳನ್ನೆಲ್ಲ ಕೊಡಿ ಎನ್ನುವ ಅರ್ಜಿಯನ್ನು ನಾವು ಮೆಚ್ಚುವುದಿಲ್ಲ. ಅದು ಕುತೂಹಲವಲ್ಲ, ಜಗಳ. ಆದರೆ ಕೆಟ್ಟ ಭೂಸಂಪರ್ಕದಿಂದ ಮೊದಲು ಅಪಾಯಕ್ಕೆ ಸಿಲುಕುವವರು ಆ ಲೈನ್‌ಮನ್‌ಗಳೇ. ಒಂದು ಪುಟ ಕೇಳುವುದರಿಂದ ಅವರಿಗೆ ನಷ್ಟವಿಲ್ಲ. ರಾಷ್ಟ್ರರಕ್ಷಣೆಯ ನೆಪವೂ ಇಲ್ಲಿ ಸಲ್ಲದು. ರಾಮಕುಂಜದ ಒಂದು ಪರಿವರ್ತಕದ ಓಮ್ ಎಷ್ಟೆಂದು ತಿಳಿದು ಯಾವ ವೈರಿಗೆ ಏನಾಗಬೇಕು?

ವಿದ್ಯಾರ್ಥಿಗಳಿಗೆ ಒಂದು ಮಾತು. ಕಾಗದವನ್ನು ಓದಿರಿ, ಕಬ್ಬಿಣದ ಪಟ್ಟಿಯನ್ನು ಮುಟ್ಟಬೇಡಿ. ಸ್ವತಃ ಅಳೆಯುವ ಸಾಹಸವೂ ಬೇಡ. ಅರ್ಜಿಯನ್ನು ಜನವರಿಯಲ್ಲಿ ಕಳುಹಿಸುವುದು ಲೇಸು. ಫೆಬ್ರವರಿಯೊಳಗೆ ಉತ್ತರ ಬಂದು, ಅಳತೆ ನಡೆದಿಲ್ಲವೆಂದೋ ಮಳೆಗಾಲದಲ್ಲಿ ನಡೆದಿದೆಯೆಂದೋ ತಿಳಿದುಬಂದರೆ, ಅದನ್ನು ಸರಿಯಾಗಿ ನಡೆಸಲು ಮಾರ್ಚ್ ತಿಂಗಳ ಒಣ ದಿನಗಳು ಇನ್ನೂ ಉಳಿದಿರುತ್ತವೆ. ಜೂನಿನಲ್ಲಿ ಕೇಳಿದವರು ಮುಂದಿನ ಒಣ ಕಾಲದವರೆಗೆ ಕಾಯಬೇಕಾಗುತ್ತದೆ.