ಜೇಡದ ಮೇಲಿನ ಅಪವಾದ

ಕಳೆದ ವಾರ ನನ್ನ ತಂಗಿಯ ಮಗಳು ದೂರವಾಣಿ ಕರೆ ಮಾಡಿ, "ಮಾವ, ಬೆಳಗ್ಗೆ ಏಳುವಷ್ಟರಲ್ಲಿ ತೋಳಿನ ಮೇಲೆ ಕೆಂಪಗೆ ಗುಳ್ಳೆ ಎದ್ದಿದೆ. ಜೇಡ ಕಚ್ಚಿರಬೇಕು" ಎಂದಳು. "ಜೇಡವನ್ನು ಕಣ್ಣಾರೆ ಕಂಡೆಯಾ?" ಎಂದು ಕೇಳಿದೆ. "ಇಲ್ಲ" ಎಂದಳು. ಆ "ಇಲ್ಲ"ವನ್ನು ಕುರಿತೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ.

ಏನು ಕಚ್ಚಿತೆಂದು ತಿಳಿಯದಾಗ ಜೇಡದ ಹೆಸರು ಹೇಳಿ ಸಮಾಧಾನಪಡುವುದು ನಮ್ಮಲ್ಲಿ ಹಳೆಯ ರೂಢಿ. ನಾನೂ ಅದಕ್ಕೆ ಹೊರತಾಗಿರಲಿಲ್ಲ. ಆ ರೂಢಿ ಎಷ್ಟು ಅಪಾಯಕಾರಿ ಎಂಬುದನ್ನು ನನಗೆ ಕಲಿಸಿದವನು ನನ್ನದೇ ಒಬ್ಬ ವಿದ್ಯಾರ್ಥಿ.

ಅದು 1989ರ ಮಳೆಗಾಲ. ಎಂಟನೆಯ ತರಗತಿಯಲ್ಲಿ ಬೆಳಗಿನ ಮೊದಲ ಪಾಠ. ಮುಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿರುವಂತೆ ಕಂಡಿತು. ಎಬ್ಬಿಸಿ ನಿಲ್ಲಿಸಿ ಗದರಿದೆ. "ರಾತ್ರಿ ಏನೋ ಕಚ್ಚಿತು ಸಾರ್, ಜೇಡ ಅಂತ ಅಮ್ಮ ಸುಣ್ಣ ಹಚ್ಚಿದ್ರು. ಹೊಟ್ಟೆ ನೋಯ್ತಿದೆ" ಎಂದು ತೊದಲಿದ. ನೆಪವೆಂದು ಭಾವಿಸಿ ಪಾಠ ಮುಂದುವರಿಸಿದೆ. ತುಸು ಹೊತ್ತಿನಲ್ಲಿ ಅವನು ನೀರು ಕುಡಿಯಹೋಗಿ ನುಂಗಲಾರದೆ ಹೊರಚೆಲ್ಲಿದ. ಆಗ ಹತ್ತಿರ ಹೋಗಿ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿರಲಿಲ್ಲ, ರೆಪ್ಪೆ ಎತ್ತಲಾರದವನಾಗಿದ್ದ. ಹಿರಿಯ ಸಹೋದ್ಯೋಗಿಯೊಬ್ಬರು ಓಡಿಬಂದು, "ಇದು ಜೇಡವಲ್ಲ ಮೇಷ್ಟ್ರೇ, ಕಟ್ಟುಹಾವು" ಎಂದರು. ಜೀಪು ಹಿಡಿದು ಆಸ್ಪತ್ರೆಗೆ ಒಯ್ದೆವು. ವಿಷನಿರೋಧಕ ಚುಚ್ಚುಮದ್ದು ಹಾಗೂ ಕೃತಕ ಉಸಿರಾಟದ ನೆರವಿನಿಂದ ಹುಡುಗ ಉಳಿದ. ಅವನನ್ನು ನಿಲ್ಲಿಸಿಯೇ ಪಾಠ ಮಾಡಿದ ಆ ಹತ್ತು ನಿಮಿಷಗಳನ್ನು ನಾನು ಇಂದಿಗೂ ಮರೆತಿಲ್ಲ.

ಕಟ್ಟುಹಾವು ರಾತ್ರಿ ಸಂಚರಿಸುವಂಥದು. ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲೇ ಕಚ್ಚುವುದುಂಟು. ಕಚ್ಚಿದೆಡೆ ನೋವಾಗಲಿ ಬಾವಾಗಲಿ ಹೆಚ್ಚು ಇರುವುದಿಲ್ಲ. ಗುರುತೂ ಕಾಣದೆ ಹೋಗಬಹುದು. ಆದ್ದರಿಂದಲೇ "ಯಾವುದೋ ಹುಳ" ಎಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ಗಂಟೆಗಳ ಬಳಿಕ ಹೊಟ್ಟೆನೋವು, ವಾಂತಿ, ಜೋತುಬೀಳುವ ರೆಪ್ಪೆ, ತೊದಲು ಮಾತು, ಕೊನೆಗೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ.

ಹಾಗಾದರೆ ನಿಜವಾದ ಜೇಡದ ಕಡಿತ ಹೇಗಿರುತ್ತದೆ? ಬಹುತೇಕ ಜೇಡಗಳಿಗೆ ವಿಷವಿದ್ದರೂ ಅದು ಮನುಷ್ಯನಿಗೆ ಹಾನಿಮಾಡುವಷ್ಟಿಲ್ಲ. ಗೋಡೆಯ ಮೇಲೆ ಕಾಣುವ ದೊಡ್ಡ ಚಪ್ಪಟೆ ಜೇಡ ಜಿರಲೆ ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಅಪ್ಪಿತಪ್ಪಿ ಕಚ್ಚಿದರೂ ಸಾಮಾನ್ಯವಾಗಿ ತುಸು ಉರಿ, ಕೆಂಪು, ಬಾವು ಬಂದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಕಪ್ಪು ವಿಧವೆ ಗುಂಪಿನ ಜೇಡಗಳು ಭಾರತದಲ್ಲಿಯೂ ಇವೆ. ಅವು ಕಚ್ಚಿದರೆ ನೋವು ಮೈಗೆಲ್ಲ ಹರಡಿ, ಸ್ನಾಯುಗಳು ಸೆಟೆದು, ಬೆವರು ಸುರಿಯುತ್ತದೆ. ಆಗ ವೈದ್ಯರನ್ನು ಕಾಣಲೇಬೇಕು.

ಜೇಡದ ತಲೆಗೆ ಕಟ್ಟುವ ಇನ್ನೆರಡು ಕಾಯಿಲೆಗಳಿವೆ. ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿಯುವ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೆ ವೈರಾಣುವೇ ಕಾರಣ. 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಗುಣ ಹೆಚ್ಚು. ಕೆಮ್ಮಣ್ಣು ಬಳಿದು ಕುಳಿತರೆ ಆ ಅವಧಿ ಕಳೆದುಹೋಗುತ್ತದೆ. ಜ್ವರದೊಡನೆ ಕಂಕುಳಲ್ಲೋ ತೊಡೆಸಂದಿನಲ್ಲೋ ಬೀಡಿ ಸುಟ್ಟಂತೆ ಕಪ್ಪು ಹಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್ ಆಗಿರಬಹುದು. ಅತಿ ಸಣ್ಣ ನುಸಿಯ ಮರಿ ಕಚ್ಚುವುದರಿಂದ ಅದು ಬರುತ್ತದೆ; ಬೇಗ ಗುರುತಿಸಿದರೆ ಮಾತ್ರೆಗಳಿಂದಲೇ ವಾಸಿಯಾಗುತ್ತದೆ.

"ಹತ್ತು ಸಲ ಜೇಡವೆಂದು ಬಿಟ್ಟಿದ್ದೇವೆ, ಏನೂ ಆಗಲಿಲ್ಲವಲ್ಲ" ಎಂದು ನೀವು ಕೇಳಬಹುದು. ನಿಜ. ಆ ಹತ್ತು ಸಲವೂ ತಾನೇ ವಾಸಿಯಾದದ್ದರಿಂದಲೇ ಹನ್ನೊಂದನೆಯ ಸಲ ನಾವು ಮೈಮರೆಯುತ್ತೇವೆ. ಹೆಸರಿಟ್ಟ ಕೂಡಲೇ ತಿಳಿದಂತಾಯಿತೆಂಬ ಭ್ರಮೆ ಹುಟ್ಟುತ್ತದೆ, ಮತ್ತೆ ನೋಡುವುದನ್ನು ಬಿಡುತ್ತೇವೆ. ಮೇಷ್ಟರಾಗಿ ನಾನು ಮಾಡಿದ ತಪ್ಪೂ ಅದೇ.

ಆದುದರಿಂದ ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ಕಚ್ಚಿದ್ದನ್ನು ಕಾಣದಿದ್ದರೆ "ಗೊತ್ತಿಲ್ಲ" ಎನ್ನಿ. ಕಣ್ಣು, ಮಾತು, ನುಂಗುವಿಕೆ, ಉಸಿರು ಇವುಗಳನ್ನು ಗಮನಿಸುತ್ತಿರಿ. ಒಂದರಲ್ಲಿ ವ್ಯತ್ಯಾಸ ಕಂಡರೂ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಮಂತ್ರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಿ.

ತಂಗಿಯ ಮಗಳ ಗುಳ್ಳೆ ಮೂರೇ ದಿನಕ್ಕೆ ಇಳಿಯಿತು. ಏನು ಕಚ್ಚಿತ್ತೋ ಗೊತ್ತಿಲ್ಲ.