ಬೋರ್ ಆಯ್ತು ಅನ್ನುವುದು ಅಪರಾಧವೇ?

ಕಳೆದ ಸೆಮಿಸ್ಟರಿನಲ್ಲಿ ಒಂದು ರಾತ್ರಿ ನಮ್ಮ ಹಾಸ್ಟೆಲಿನ ಓದುವ ಕೋಣೆಯಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ, ಸ್ಟ್ಯಾನ್ಲಿ ಕುಬ್ರಿಕ್‌ನ '2001: ಎ ಸ್ಪೇಸ್ ಒಡಿಸ್ಸಿ' ನೋಡಿದೆವು. ಮುಗಿದು ಲೈಟ್ ಹಾಕಿದ ಮೇಲೆ ಮೊದಲ ವರ್ಷದ ಎಂ.ಎ. ಹುಡುಗಿಯೊಬ್ಬಳು, "ಅಕ್ಕಾ, ನಂಗಂತೂ ತುಂಬಾ ಬೋರ್ ಆಯ್ತು" ಅಂದಳು. ಎಲ್ಲರೂ ನಕ್ಕರು. "ಇನ್ನೊಂದ್ಸಲ ನೋಡು, ಆಗ ಅರ್ಥ ಆಗತ್ತೆ" ಎಂದು ಯಾರೋ ಉಪದೇಶ ಕೊಟ್ಟರು. ನಾನೂ ನಕ್ಕೆ. ಮುಂದಿನ ವಾರದ ಸಿನಿಮಾಕ್ಕೆ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಅವತ್ತು ನಾನು ಬಾಯಿಬಿಡದ ಸಂಗತಿಯೊಂದಿದೆ. ಈ ಸಿನಿಮಾವನ್ನು ಮೊದಲ ಸಲ ನೋಡುವಾಗ ನಾನು ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಹ್ಯಾಲ್ ಎಂಬ ಕಂಪ್ಯೂಟರ್ ಗಗನಯಾತ್ರಿಯೊಬ್ಬನನ್ನು ಆಗಲೇ ಕೊಂದಾಗಿತ್ತು. ಸಂಶೋಧನಾ ವಿದ್ಯಾರ್ಥಿನಿ ಇಂಥದ್ದನ್ನೆಲ್ಲ ಒಪ್ಪಿಕೊಳ್ಳಬಾರದು ಎಂಬುದು ನಮ್ಮಲ್ಲಿ ಅಲಿಖಿತ ನಿಯಮ. ನನ್ನ ತಕರಾರು ಇರುವುದು ಈ ನಿಯಮದ ಮೇಲೆ.

ಜಗಳವೇನೂ ಹೊಸದಲ್ಲ. 1968ರ ಏಪ್ರಿಲ್‌ನಲ್ಲಿ ಸಿನಿಮಾ ಬಿಡುಗಡೆಯಾದಾಗ ಅರ್ಧಕ್ಕೇ ಎದ್ದು ಹೋದವರಿದ್ದರು. ಅಮೆರಿಕದ ಹೆಸರಾಂತ ವಿಮರ್ಶಕಿ ಪಾಲಿನ್ ಕೇಲ್ ಇದರಲ್ಲಿ ಕಲ್ಪನಾಶಕ್ತಿಯೇ ಇಲ್ಲ ಎಂದು ಜರೆದರು. ಮೊದಲ ಪ್ರದರ್ಶನಗಳ ನಂತರ ಸ್ವತಃ ಕುಬ್ರಿಕ್ ಸುಮಾರು 19 ನಿಮಿಷ ಕತ್ತರಿಸಿದ. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ನಿರ್ದೇಶಕರ ಅಭಿಪ್ರಾಯ ಕೇಳಿದಾಗ ಇದೇ ಸಿನಿಮಾ ಮೊದಲ ಸ್ಥಾನಕ್ಕೆ ಬಂತು. ಒಂದು ಬಣಕ್ಕೆ ಇದು ಬೋರ್, ಆದ್ದರಿಂದ ಕೆಟ್ಟದ್ದು. ಇನ್ನೊಂದು ಬಣಕ್ಕೆ ಇದು ಶ್ರೇಷ್ಠ, ಆದ್ದರಿಂದ ಬೋರ್ ಆಗಲು ಸಾಧ್ಯವೇ ಇಲ್ಲ. ಬೋರ್ ಆಗುವುದೆಂದರೆ ದೋಷ ಎಂಬ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಇಬ್ಬರೂ ತಪ್ಪು ಎಂದು ನನ್ನ ವಾದ. ಸಿನಿಮಾ ಬೋರ್ ಹೊಡೆಸುತ್ತದೆ, ಮತ್ತು ಅದರ ವಸ್ತುವೇ ಅದು.

ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ಆ ಪ್ರಸಿದ್ಧ ದೃಶ್ಯವನ್ನೇ ನೋಡಿ. ಹಿನ್ನೆಲೆಯಲ್ಲಿ ಸ್ಟ್ರಾಸ್‌ನ 'ಬ್ಲೂ ಡ್ಯಾನ್ಯೂಬ್' ನುಡಿಯುತ್ತಿದೆ, ಭೂಮಿ ಕೆಳಗೆ ಜಾರುತ್ತಿದೆ. ನೌಕೆಯೊಳಗಿನ ಏಕೈಕ ಪ್ರಯಾಣಿಕ ಡಾ. ಫ್ಲಾಯ್ಡ್ ಏನು ಮಾಡುತ್ತಿದ್ದಾನೆ? ನಿದ್ದೆ! ಅವನ ಪೆನ್ನು ಗಾಳಿಯಲ್ಲಿ ತೇಲುತ್ತಿದೆ, ಗಗನಸಖಿ ಅದನ್ನು ಹಿಡಿದು ಜೇಬಿಗಿಡುತ್ತಾಳೆ. ನಿಲ್ದಾಣ ತಲುಪಿದ ಮೇಲೆ ಅವನು ಮಗಳಿಗೆ ವಿಡಿಯೋ ಕರೆ ಮಾಡುತ್ತಾನೆ. ಪಕ್ಕದ ಕಿಟಕಿಯಲ್ಲಿ ಇಡೀ ಭೂಮಿ ಕಾಣುತ್ತಿದ್ದರೂ ಅವನು ಅತ್ತ ತಿರುಗಿಯೂ ನೋಡುವುದಿಲ್ಲ. ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದರೆ, ಮಗಳು ಕಾಡುಪಾಪದಂಥ ಬುಷ್‌ಬೇಬಿ ಎಂಬ ಪ್ರಾಣಿ ಬೇಕು ಅನ್ನುತ್ತಾಳೆ. ನಮ್ಮನೆ ಫೋನ್ ಮಾತುಕತೆ ಇದಕ್ಕಿಂತ ಬೇರೆ ಇರುತ್ತದೆಯೇ?

ಮುಂದೆ ಗುರುಗ್ರಹದತ್ತ ಹೊರಟ ಡಿಸ್ಕವರಿ ನೌಕೆಯಲ್ಲಿ ಫ್ರಾಂಕ್ ಪೂಲ್ ಚಕ್ರದಂಥ ಕೋಣೆಯೊಳಗೆ ಓಡುತ್ತಾನೆ, ಸುತ್ತಿ ಸುತ್ತಿ ಓಡುತ್ತಾನೆ. ಅಪ್ಪ ಅಮ್ಮ ಹುಟ್ಟುಹಬ್ಬದ ಶುಭಾಶಯ ಕಳಿಸಿದರೆ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಅದು ಮುಗಿದ ಮೇಲೆ ಹಾಸಿಗೆ ಸರಿಪಡಿಸು ಎಂದು ಹ್ಯಾಲ್‌ಗೆ ಹೇಳುತ್ತಾನೆ. ಮಲಗಿಸಿಟ್ಟಿದ್ದ ಮೂವರು ಸಹಯಾತ್ರಿಗಳು ಸಾಯುವಾಗ ನಮಗೆ ಕೂಗು ಕೇಳಿಸದು, ಪರದೆಯ ಮೇಲಿನ ಗೆರೆಗಳು ಚಪ್ಪಟೆಯಾಗುತ್ತವೆ, ಅಷ್ಟೆ. ಚಂದ್ರನ ಮೇಲೆ ಮನುಷ್ಯ ಕಾಲಿಡುವ ಒಂದು ವರ್ಷ ಮೊದಲೇ, ಆ ಅದ್ಭುತವೂ ಒಂದು ದಿನ ನಮಗೆ ಬಸ್ ಪ್ರಯಾಣದಂತಾಗುತ್ತದೆ ಎಂದು ಕುಬ್ರಿಕ್ ಕಂಡಿದ್ದ. ಆ ಜಡತ್ವವನ್ನು ಸರಸರನೆ ತೋರಿಸಲು ಬರುತ್ತದೆಯೇ?

ಕನ್ನಡದ 'ಬೇಸರ' ನನಗೆ ಇಲ್ಲಿ ನೆರವಿಗೆ ಬರುತ್ತದೆ. ಹೊತ್ತು ಹೋಗದಿದ್ದರೂ ಬೇಸರ, ಮನಸ್ಸು ನೊಂದರೂ ಬೇಸರ. ಈ ಸಿನಿಮಾ ಮೊದಲ ಬೇಸರದಿಂದ ಎರಡನೆಯದಕ್ಕೆ ನಡೆದು ಹೋಗುತ್ತದೆ. ಬೋಮನ್ ಒಂದೊಂದಾಗಿ ಹ್ಯಾಲ್‌ನ ನೆನಪಿನ ಬಿಲ್ಲೆಗಳನ್ನು ಕಳಚುವಾಗ, ತನಗೆ ಭಯವಾಗುತ್ತಿದೆ ಎಂದು ಹೇಳುವುದು ಯಂತ್ರ, ಮನುಷ್ಯನಲ್ಲ. ಅದರ ದನಿ ನಿಧಾನವಾಗುತ್ತಾ, ದಪ್ಪವಾಗುತ್ತಾ, ಎಳೆಯುತ್ತಾ ಹೋಗುತ್ತದೆ. ಒಂದು ಗಂಟೆ ಭಾವವೇ ಇಲ್ಲದ ಮನುಷ್ಯರ ಜೊತೆ ಬೇಸತ್ತು ಕೂತಿದ್ದಕ್ಕೇ ಆ ದನಿ ಕರುಳಿಗೆ ತಾಗುತ್ತದೆ. ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗಕ್ಕಿಟ್ಟು ನೋಡುವ ಗೆಳೆಯರಿಗೆ ಇಷ್ಟೇ ಹೇಳುತ್ತೇನೆ: ನಿಧಾನವಾಗುವುದೇ ಅಲ್ಲಿ ಸಾವು. ಅದನ್ನು ಓಡಿಸಿದರೆ ನಿಮಗೆ ಸಿಗುವುದು ಕಥಾಸಾರ ಮಾತ್ರ.

ಹಾಗೆಂದು ನಿಧಾನವಾದದ್ದೆಲ್ಲ ಘನವಾದದ್ದು ಎಂದು ನಾನು ಹೇಳುತ್ತಿಲ್ಲ. ಕೊನೆಯಲ್ಲಿ ಬರುವ ಬಣ್ಣಗಳ ಆ ಮಹಾಪ್ರವಾಹ ನನಗೆ ಇವತ್ತಿಗೂ ಉದ್ದವೇ. ಅಲ್ಲಿ ಬೇಸತ್ತುಕೊಂಡವರು ಯಾರೂ ಇಲ್ಲ, ಬೆರಗಾಗಬೇಕಾದವಳು ನಾನು. ನನಗೆ ಬೆರಗಾಗುವುದು ಮೊದಲ ಎರಡು ನಿಮಿಷ ಮಾತ್ರ. ಈ ಎರಡು ಬಗೆಯ ಬೋರನ್ನು ಬೇರ್ಪಡಿಸಿ ಹೇಳುವುದು ವಿಮರ್ಶೆಯ ಕೆಲಸ. ಆದರೆ ಬೋರ್ ಆಯ್ತು ಎಂದು ಒಪ್ಪಿಕೊಳ್ಳಲೇ ಬಿಡದ ಕಡೆ ಆ ಕೆಲಸ ಶುರುವಾಗುವುದಾದರೂ ಹೇಗೆ? ನಮ್ಮ ಸೆಮಿನಾರುಗಳಲ್ಲಿ ಶ್ರೇಷ್ಠ, ಅನನ್ಯ, ಕಾಲಾತೀತ ಎಂಬ ಮಾತುಗಳು ಧಾರಾಳವಾಗಿ ಸಿಗುತ್ತವೆ. ನೋಡುವಾಗ ನಿಜವಾಗಿ ಏನಾಯಿತು ಎಂದು ಹೇಳುವವರು ಸಿಗುವುದಿಲ್ಲ. ಅವತ್ತು ಆ ಕೋಣೆಯಲ್ಲಿ ಅದನ್ನು ಹೇಳಿದವಳು ಒಬ್ಬಳೇ, ಅವಳನ್ನೂ ನಾವು ನಕ್ಕು ಓಡಿಸಿದೆವು.

ಮುಂದಿನ ಸಲ ಬೆಡ್‌ಶೀಟ್ ಕಟ್ಟುವ ಮೊದಲು ಅವಳ ಕೋಣೆಗೆ ಹೋಗಬೇಕು ಅಂದುಕೊಂಡಿದ್ದೇನೆ. ನಾನು ನಿದ್ದೆ ಹೋಗಿದ್ದ ವಿಷಯ ಮೊದಲು ಹೇಳಿ, ಆಮೇಲೆ ಆ ರಾತ್ರಿಯೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಬೇಕು: "ಎಲ್ಲಿಂದ ಬೋರ್ ಆಗೋಕೆ ಶುರುವಾಯ್ತೇ?"