ಡಬ್ಬಿಯೊಳಗಿನ ಟೆನ್ಷನ್

ಮುಂಬೈಯಲ್ಲಿ ಯಾವುದೂ ಸುಮ್ಮನೆ ಕಸವಾಗುವುದಿಲ್ಲ ಎಂಬುದು ಆ ಊರಿನವರ ಹೆಮ್ಮೆ. ರೇ ರೋಡಿನ ದಾರುಖಾನಾದಲ್ಲಿ ಒಡೆದ ಹಡಗಿನ ಕಬ್ಬಿಣ ಮತ್ತೆ ಮಾಲಾಗುತ್ತದೆ. ನಾಗದೇವಿ ಸ್ಟ್ರೀಟಿನಲ್ಲಿ ಬೇರಿಂಗು, ವಾಲ್ವು, ಹೋಸುಗಳ ಅಂಗಡಿ ಸಾಲು. ಕಂಪನಿ ಕೈಚೆಲ್ಲಿದ ಯಂತ್ರವನ್ನು ಕುರ್ಲಾದ ಗ್ಯಾರೇಜಿನವರು ಎಬ್ಬಿಸಿ ಓಡಿಸುತ್ತಾರೆ. ಹೆಮ್ಮೆ ಬಹುಮಟ್ಟಿಗೆ ನ್ಯಾಯವಾದದ್ದೇ. ಆದರೆ ಒಂದು ವಸ್ತುವಿನ ಮಟ್ಟಿಗೆ ಅದನ್ನು ಬಿಟ್ಟುಕೊಡುವುದು ಒಳ್ಳೆಯದು. ಅದು ಹೋಸ್ ರೀಲಿನ ಮುರಿದ ಸ್ಪ್ರಿಂಗ್.

ಮೆಟ್ರೊ, ಮೇಲ್ಸೇತುವೆ, ಗೋಪುರ ಕಟ್ಟಡಗಳ ಸೈಟಿಗೆ ಎಣ್ಣೆ, ಗ್ರೀಸು, ಡೀಸೆಲ್ ಹೊತ್ತು ಬರುವ ಸರ್ವಿಸ್ ಟ್ರಕ್ಕುಗಳಲ್ಲಿ ಈ ರೀಲುಗಳು ಸಾಲಾಗಿರುತ್ತವೆ. ಪೈಪನ್ನು ಪೋಕ್ಲೇನಿನವರೆಗೆ ಎಳೆದೊಯ್ದರೆ ರ್‍ಯಾಚೆಟ್ ಟಕಟಕ ಎಂದು ಹಿಡಿದುಕೊಳ್ಳುತ್ತದೆ. ಕೆಲಸ ಮುಗಿಸಿ ಸ್ವಲ್ಪ ಜಗ್ಗಿ ಬಿಟ್ಟರೆ ಪೈಪು ತಾನೇ ಸುತ್ತಿಕೊಳ್ಳುತ್ತದೆ. ಇದನ್ನು ಮಾಡಿಸುವುದು ರೀಲಿನ ಪಕ್ಕದ ಡಬ್ಬಿಯಲ್ಲಿರುವ ಚಪ್ಪಟೆ ಉಕ್ಕಿನ ಸುರುಳಿ. ಕೀಲಿ ಕೊಡುವ ಗಡಿಯಾರದಲ್ಲಿರುವುದೂ ಇದೇ ಜಾತಿಯದು, ಗಾತ್ರ ಮಾತ್ರ ಬೇರೆ.

ಸ್ಪ್ರಿಂಗ್ ಸಾಮಾನ್ಯವಾಗಿ ಮುರಿಯುವುದು ತುದಿಯಲ್ಲಿ, ಕೊಕ್ಕೆಯಂತೆ ಬಾಗಿದ ಜಾಗದಲ್ಲಿ. ದಿನಕ್ಕೆ ಹತ್ತಾರು ಸಲ ಬಿಗಿದು ಸಡಿಲವಾಗಿ ಉಕ್ಕು ದಣಿಯುತ್ತದೆ. ಮುಂಬೈಯ ಉಪ್ಪುಗಾಳಿ, ನಾಲ್ಕು ತಿಂಗಳಲ್ಲಿ 2,000 ಮಿ.ಮೀ.ಗೂ ಹೆಚ್ಚು ಸುರಿಯುವ ಮಳೆ ಎರಡೂ ಸೇರಿ ತುಕ್ಕು ಹಿಡಿಸುತ್ತವೆ. ತುಕ್ಕು ತಿಂದ ಸಣ್ಣ ಕುಳಿಯಿಂದಲೇ ಬಿರುಕು ಹೊರಡುತ್ತದೆ. ಮನೆಗೆ ಹೋಗುವ ಆತುರದಲ್ಲಿ ಪೈಪನ್ನು ಕೈಯಿಂದ ಬಿಟ್ಟು ಚಾವಟಿಯಂತೆ ಹಾರಲು ಬಿಡುವ ಚಾಳಿ ಇದಕ್ಕೆ ಇನ್ನಷ್ಟು ಸೇರಿಸುತ್ತದೆ.

ಮುರಿದ ಮೇಲೆ ಪೈಪು ಕೆಸರಿನಲ್ಲಿ ಬಿದ್ದಿರುತ್ತದೆ, ಅದರ ಮೇಲೆ ಡಂಪರ್ ಹಾಯುತ್ತದೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಐವತ್ತಕ್ಕೆ ಒಂದರ ಅನುಪಾತದ ಗ್ರೀಸ್ ಪಂಪಿಗೆ 7 ಬಾರ್ ಗಾಳಿ ಕೊಟ್ಟರೆ ಪೈಪಿನೊಳಗೆ ಒತ್ತಡ 350 ಬಾರ್‌ವರೆಗೆ ಏರಬಲ್ಲದು. ಜಜ್ಜಿದ ಪೈಪಿನ ಸೂಜಿಗಾತ್ರದ ತೂತಿನಿಂದ ಚಿಮ್ಮಿದ ಗ್ರೀಸು ಚರ್ಮದೊಳಗೇ ಹೊಕ್ಕುತ್ತದೆ. ಮೇಲೆ ಕಾಣುವುದು ಚುಕ್ಕೆಯಷ್ಟು ಗಾಯ, ಆದರೆ ತಡಮಾಡಿದರೆ ಬೆರಳು ಕತ್ತರಿಸಬೇಕಾಗಬಹುದು.

ಹಾಗಾಗಿ ಸೂಪರ್‌ವೈಸರ್ ಫಿಟ್ಟರನನ್ನು ಕರೆದು ಇವತ್ತೇ ಏನಾದರೂ ಮಾಡು ಎನ್ನುತ್ತಾನೆ. ಆ ಏನಾದರೂ ಎಂದರೆ ಡಬ್ಬಿ ಬಿಚ್ಚಿ, ತುಂಡಾದ ತುದಿಯನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಹೊಸ ಕೊಕ್ಕೆ ಬಾಗಿಸುವುದು. ಗಡಿಯಾರ ರಿಪೇರಿಯವರು ಇದನ್ನೇ ಮಾಡುತ್ತಿದ್ದರಲ್ಲ ಎಂದು ಕೇಳಬಹುದು. ಹೌದು, ಮಾಡುತ್ತಿದ್ದರು. ಆದರೆ ತುಂಡಾದಷ್ಟೂ ಸ್ಪ್ರಿಂಗ್ ಗಿಡ್ಡವಾಗುತ್ತದೆ, ಸುತ್ತುಗಳು ಕಡಿಮೆಯಾಗುತ್ತವೆ. ಪೈಪಿನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಪೂರ್ತಿ ಎಳೆದ ದಿನ ಸ್ಪ್ರಿಂಗ್ ಮತ್ತೆ ಮುರಿಯುತ್ತದೆ, ಬಹುಶಃ ಕಾಯಿಸಿದ ಜಾಗದ ಅಂಚಿನಲ್ಲೇ.

ಅದಕ್ಕಿಂತ ದೊಡ್ಡ ಮಾತು ಬಿಚ್ಚುವವನ ಮುಖದ್ದು. ಮುರಿದ ಸ್ಪ್ರಿಂಗ್ ಸತ್ತ ಸ್ಪ್ರಿಂಗಲ್ಲ. ಒಂದು ತುದಿ ಕಳಚಿದರೂ ಉಳಿದ ಸುರುಳಿ ಇಕ್ಕಟ್ಟಾದ ಡಬ್ಬಿಯಲ್ಲಿ ಮುದುಡಿ ಕೂತಿರುತ್ತದೆ. ಮುಚ್ಚಳ ತೆಗೆದೊಡನೆ ಅದು ಹರಿತ ಅಂಚಿನ ಸಮೇತ ಹೊರಗೆ ಹಾರುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಡಬ್ಬಿಯ ಮೇಲೆ ಎಚ್ಚರಿಕೆಯ ಸ್ಟಿಕ್ಕರ್ ಇರುತ್ತದೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಸ್ಪ್ರಿಂಗ್ ಟೆನ್ಷನ್‌ನಲ್ಲಿದೆ ಎನ್ನುತ್ತದೆ ಅದು. ಮುಂಬೈಯಲ್ಲಿ ಟೆನ್ಷನ್ ಎಂದರೆ ಚಿಂತೆ; ತಗೋಬೇಡ ಎಂದು ದಿನಕ್ಕೆ ಹತ್ತು ಸಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪದಾರ್ಥ. ಕನ್ನಡಕ್ಕೆ ತರುವವರು ನಿಘಂಟು ನೋಡಿ 'ಕರ್ಷಣ' ಎಂದು ಬರೆದರೆ ಯಾದಗಿರಿಯಿಂದಲೋ ವಿಜಯಪುರದಿಂದಲೋ ಸೈಟಿಗೆ ಬಂದ ಹುಡುಗನಿಗೆ ಇಂಗ್ಲಿಷೇ ವಾಸಿ ಅನ್ನಿಸೀತು. 'ಡಬ್ಬಿ ಬಿಚ್ಚಬೇಡಿ, ಸ್ಪ್ರಿಂಗ್ ಮುಖಕ್ಕೆ ಸಿಡಿಯುತ್ತದೆ' ಎಂದರೆ ಸಾಕು. ಹಿಂದಿ, ಮರಾಠಿಯಲ್ಲೂ ಇಷ್ಟೇ ನೇರವಾಗಿ ಬರೆಯಲು ಬರುತ್ತದೆ. ಕಾರ್ಖಾನೆಯ ನೋಟೀಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮೇ ಹೇಳಿತ್ತು. ಗೋಡೆಯ ನೋಟೀಸಿಗೆ ಅಂದೇ ಸಂದ ಮರ್ಯಾದೆ ಯಂತ್ರದ ಮೈಮೇಲಿನ ಸ್ಟಿಕ್ಕರಿಗೂ ಸಲ್ಲಬೇಕು.

ಹಾಗಂತ ಇಡೀ ರೀಲನ್ನು ಗುಜರಿಗೆ ಹಾಕಬೇಕಿಲ್ಲ. ಸೋರುವ ಸ್ವಿವೆಲ್ ಜಾಯಿಂಟಿಗೆ ಹೊಸ ಸೀಲು, ಸವೆದ ರ್‍ಯಾಚೆಟ್ ಹಲ್ಲು, ಪೈಪಿನ ತುದಿಯ ಫಿಟ್ಟಿಂಗು, ಇವೆಲ್ಲ ಗ್ಯಾರೇಜಿನ ಕೆಲಸವೇ. ಹಲವು ರೀಲುಗಳಿಗೆ ಸ್ಪ್ರಿಂಗ್ ಡಬ್ಬಿ ಸಮೇತ ಬಿಡಿಭಾಗವಾಗಿ ಸಿಗುತ್ತದೆ. ಪಂಪು ನಿಲ್ಲಿಸಿ, ಗನ್ ಒತ್ತಿ ಪೈಪಿನ ಒತ್ತಡ ಇಳಿಸಿ, ರೀಲಿನಲ್ಲಿ ಉಳಿದ ಬಿಗಿಯನ್ನು ಒಂದೊಂದೇ ಸುತ್ತಾಗಿ ಬಿಟ್ಟು, ಹಳೆಯ ಡಬ್ಬಿಯನ್ನು ತೆರೆಯದೆ ಇಡಿಯಾಗಿ ಕಳಚಬೇಕು. ಹೊಸದನ್ನು ಕೂರಿಸಿ, ಕೈಪಿಡಿ ಹೇಳಿದಷ್ಟೇ ಸುತ್ತು ಬಿಗಿ ಕೊಡಬೇಕು. ಪೈಪು ಪೂರ್ತಿ ಹೊರಬಂದ ಮೇಲೂ ಸ್ಪ್ರಿಂಗಿಗೆ ಸುತ್ತಲು ಜಾಗ ಉಳಿದಿರಬೇಕು. ಡಬ್ಬಿ ಬಿಡಿಯಾಗಿ ಸಿಗದ ಮಾಡೆಲ್ ಆದರೆ ರೀಲನ್ನೇ ಬದಲಿಸಬೇಕು, ಬೇರೆ ದಾರಿಯಿಲ್ಲ.

ಬಿಡಿಭಾಗ ಬರುವವರೆಗೆ ಸೈಟು ನಿಲ್ಲಬೇಕೇ ಎಂದು ಕಂಟ್ರಾಕ್ಟರ್ ಕೇಳುತ್ತಾನೆ. ನಿಲ್ಲಬೇಕಿಲ್ಲ. ಅಲ್ಲಿಯವರೆಗೆ ಪೈಪನ್ನು ಕೈಯಲ್ಲೇ ಸುತ್ತಿ ಕಟ್ಟಬಹುದು. ನಿಧಾನದ ಕೆಲಸ, ಜುಲೈ ತಿಂಗಳಲ್ಲಂತೂ ಮೈಯೆಲ್ಲ ಕೆಸರು. ಅದಕ್ಕೆ ಒಬ್ಬ ಹೆಲ್ಪರ್ ಹೆಚ್ಚು ಬೇಕು. ಅವನ ಕೂಲಿಯನ್ನು ಕಂಟ್ರಾಕ್ಟರ್ ತನ್ನ ಖರ್ಚಿನಲ್ಲಿ ಬರೆದುಕೊಳ್ಳಲಿ.